ನೀರುಗಂಟಿ ಕೇಳಿದ ಪ್ರಶ್ನೆ

ಕೇಳದೆ ಒಂದು ಹೆಜ್ಜೆ ಎತ್ತಿಡದವರಿಗೆ ಬಹುಮಾನ ಕೊಡುವ ಪದ್ಧತಿ ಇದ್ದಿದ್ದರೆ ನೀರುಗಂಟಿಗೆ ಅದು ವರ್ಷ ವರ್ಷವೂ ಸಿಗುತ್ತಿತ್ತು. ಬೆಳಿಗ್ಗೆ ಎದ್ದು ಸ್ವೆಟರ್ ಹಾಕಿಕೊಳ್ಳಲಾ ಎಂದು ಹೆಂಡತಿಯನ್ನು ಕೇಳುವನು. ಬಾಗಿಲು ತೆಗೆದು ಹೊರಗೆ ಚಳಿ ಇದೆಯೋ ಇಲ್ಲವೋ ನೋಡುವುದು ಅವನ ಜಾಯಮಾನದಲ್ಲಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಮೀಸೆ ಎಷ್ಟು ಬಿಡಲಿ ಎಂದು ಅಂಗಡಿಯವನು ಗಿರಾಕಿಯನ್ನು ಕೇಳುವುದು ರೂಢಿ. ಇಲ್ಲಿ ಗಿರಾಕಿಯೇ ಅಂಗಡಿಯವನನ್ನು ಕೇಳುತ್ತಿದ್ದ. "ಮೀಸೆ ನಿಂದು ಮಾರಾಯ, ನನ್ನದು ಬರೀ ಕತ್ತರಿ" ಎಂದು ಅವನು ನಗುತ್ತಿದ್ದ. ಹೆಂಡತಿ ಮನೆಯಲ್ಲೇ ಕೂತು ಬಟ್ಟೆ ಅಂಗಡಿಯವರ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕುವವಳು. ನಾಲಿಗೆಯೂ ಸೂಜಿಯಷ್ಟೇ ಚೂಪು. "ಮದುವೆ ದಿನ ಒಪ್ಪಿಗೆ ಇದೆಯಾ ಅಂತ ಇವರನ್ನ ಕೇಳಿದ್ರೆ, ಇವರು ತಿರುಗಿ ನನ್ನ ಮುಖ ನೋಡಿದ್ರು, ಏನು ಹೇಳ್ಲಿ ಅಂತ" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ.

ಅಪ್ಪನೂ ಮುನಿಸಿಪಾಲಿಟಿಯ ನೀರುಗಂಟಿಯೇ. ಅಪ್ಪ ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರಿಂದ ಕೆಲಸ ಮಗನಿಗೆ ಬಂತು, ಅದರ ಜೊತೆ ಎದೆಯೆತ್ತರದ ಕಬ್ಬಿಣದ ಕೀಲಿಯೂ ಬಂತು. ಬೀದಿ ಬೀದಿಗೂ ನೆಲದಡಿ ಒಂದು ವಾಲ್ವ್. ಮುಚ್ಚಳ ಎತ್ತಿ, ಕೀಲಿ ಇಳಿಸಿ ತಿರುವಿದರೆ ನೀರು, ಹಿಂದಕ್ಕೆ ತಿರುವಿದರೆ ಇಲ್ಲ. ಯಾವ ಬೀದಿಗೆ ಯಾವಾಗ ಎಂದು ಆಫೀಸಿನವರು ಹೇಳುತ್ತಾರೆ, ಇವನು ತಿರುವುತ್ತಾನೆ. ನೀರು ಬಂದರೆ ಯಾರೂ ನೀರುಗಂಟಿಯನ್ನು ನೆನೆಯುವುದಿಲ್ಲ. ಬರದಿದ್ದಾಗ ಅವನನ್ನಲ್ಲದೆ ಅವನ ಅಪ್ಪನನ್ನೂ ಅಜ್ಜನನ್ನೂ ನೆನೆಯುತ್ತಾರೆ.

ಅವನಿಗೆ ಮರ್ಯಾದೆ ಸಿಗುವ ಜಾಗ ಒಂದೇ ಒಂದಿತ್ತು, ಪ್ರಾರ್ಥನಾ ಮನೆ. ಪ್ರಾರ್ಥನೆ ಶುರುವಾಗುವ ಮುಂಚೆ ಗುರುಗಳು ಕೈ ತೊಳೆಯುತ್ತಾರೆ. ಆಗ ತಂಬಿಗೆಯಿಂದ ನೀರು ಹಾಕುವ ಕೆಲಸ ಅವನದು. ಎಲ್ಲರೂ ನೋಡುತ್ತಿರುತ್ತಾರೆ. ಅಂಗಿಯ ತೋಳು ಮಡಚಿ, ಒಂದು ಹನಿ ನೆಲಕ್ಕೆ ಬೀಳದ ಹಾಗೆ, ಎಳೆಯಾಗಿ ಹಾಕುತ್ತಿದ್ದ. ವಾರವೆಲ್ಲ ಬೈಸಿಕೊಂಡವನು ಆ ಒಂದು ಗಳಿಗೆಗಾಗಿ ಮೀಸೆಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದ.

ಕೆಳಬೀದಿಯ ಕೊನೆಯ ಮನೆ ಲಾಂಡ್ರಿ ಅಕ್ಕನದು. ಲಾಡ್ಜುಗಳ ಹಾಸಿಗೆ ಬಟ್ಟೆ, ಒಂದು ನರ್ಸಿಂಗ್ ಹೋಮಿನ ಪರದೆ, ದಿಂಬಿನ ಚೀಲ ಎಲ್ಲ ಅವಳ ಹಿತ್ತಲಿಗೆ ಬಂದು, ಬೆಳ್ಳಗಾಗಿ, ಮಡಿಕೆಯಾಗಿ ವಾಪಸು ಹೋಗುತ್ತಿದ್ದವು. ಅವಳ ಮೊದಲ ಗಂಡ ಕುಡಿದಾಗ ಹೊಡೆಯುವವನು, ಕುಡಿಯದಾಗ ಮಾತಾಡದವನು. ಪ್ರಾರ್ಥನಾ ಮನೆಗೆ ಸೇರಿದವರನ್ನೆಲ್ಲ ಸಭೆ ಎನ್ನುತ್ತಿದ್ದರು, ಅವಳೂ ಅದರವಳೇ. ಸಭೆಯ ಧರ್ಮದಲ್ಲಿ ಮದುವೆ ಬಿಡಿಸಿಕೊಳ್ಳಬೇಕಾದರೆ ಗಂಡ ಸಭೆಯ ಮುಂದೆ ನಿಂತು "ಬಿಟ್ಟೆ" ಅನ್ನಬೇಕು. ಅವನು ಅನ್ನಲಿಲ್ಲ. ಪ್ರೀತಿಗಲ್ಲ, ಹಟಕ್ಕೆ. ವರ್ಷಗಟ್ಟಲೆ ಕಾದು ಅವಳು ಸರ್ಕಾರದ ಕೋರ್ಟಿಗೆ ಹೋದಳು. ಕೋರ್ಟು ಬಿಡಿಸಿತು. ಆಮೇಲೆ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ರಿಜಿಸ್ಟರ್ ಮದುವೆಯಾದಳು.

ಸರ್ಕಾರದ ಲೆಕ್ಕದಲ್ಲಿ ಅವಳು ಮೆಕ್ಯಾನಿಕ್ಕನ ಹೆಂಡತಿ. ಸಭೆಯ ಲೆಕ್ಕದಲ್ಲಿ ಇನ್ನೂ ಆ ಕುಡುಕನ ಹೆಂಡತಿ, ಪರಪುರುಷನ ಮನೆಯಲ್ಲಿರುವವಳು. ಕುಡುಕನ ಅಣ್ಣ ಸಿಮೆಂಟ್ ಅಂಗಡಿ ಇಟ್ಟವನು, ಪ್ರಾರ್ಥನಾ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು. ಅವನು ಇದನ್ನು ಸುಮ್ಮನೆ ಬಿಡಲಿಲ್ಲ, ಗುರುಗಳ ಬೆನ್ನು ಹತ್ತಿದ. ಒಂದು ಪ್ರಾರ್ಥನೆಯ ದಿನ ಗುರುಗಳು ಎದ್ದು ನಿಂತು ಹಳೆಯ ಕಾಲದಿಂದ ಬಂದ ಮಾತನ್ನೇ ಓದಿದರು: "ಈ ಮನೆಗೆ ಯಾರೂ ಬೆಂಕಿ ಕೊಡಬಾರದು, ನೀರು ಕೊಡಬಾರದು, ಮಾತು ಕೊಡಬಾರದು." ಕೈ ಎತ್ತಿ ಎಂದರು. ಕೆಳಬೀದಿಯವರೆಲ್ಲ ಕೈ ಎತ್ತಿದರು. ಗುರುಗಳ ಕೈ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ನೀರುಗಂಟಿ ಬಟ್ಟೆಯನ್ನು ಎಡಗೈಗೆ ಬದಲಿಸಿ ಬಲಗೈ ಎತ್ತಿದ.

ಈ ಮಾತಿನ ಅರ್ಥ ಏನು ಎಂದು ಊರಿಗೆಲ್ಲ ಗೊತ್ತಿತ್ತು. ಮದುವೆಗೆ ಕರೆಯಬೇಡಿ, ಸಾವಿಗೆ ಹೋಗಬೇಡಿ, ಎದುರು ಸಿಕ್ಕರೆ ಅಂಗಡಿಯ ಬೋರ್ಡು ಓದುತ್ತಾ ನಿಲ್ಲಿ, ಅಷ್ಟೇ. ಬೆಂಕಿ ಎಂದರೆ ಬೆಂಕಿ, ನೀರು ಎಂದರೆ ನೀರು ಎಂದು ತಿಳಿದವರು ಯಾರೂ ಇರಲಿಲ್ಲ, ಒಬ್ಬನನ್ನು ಬಿಟ್ಟು.

ಮಾರನೆಯ ಬೆಳಿಗ್ಗೆ ಕೆಳಬೀದಿಯ ವಾಲ್ವ್ ತಿರುವುವಾಗ ಅವನ ಕೈ ಒಮ್ಮೆ ತಡೆಯಿತು, ಆದರೂ ಅಭ್ಯಾಸಬಲದಿಂದ ತಿರುವಿದ. ಪೈಪಿನೊಳಗೆ ನೀರು ಸುಯ್ ಎಂದು ಓಡಿತು, ಕೊನೆಯ ಮನೆಯವರೆಗೂ ಓಡಿತು. ಮನೆಗೆ ಬಂದವನು ಕಾಫಿಯ ಲೋಟ ಮುಂದಿಟ್ಟುಕೊಂಡು ಕೂತ.

"ಲೇ, ನಾನು ನಿನ್ನೆ ಕೈ ಎತ್ತಿದೆ. ಇವತ್ತು ಅದೇ ಕೈಯಲ್ಲಿ ಆ ಮನೆಗೆ ನೀರು ಕೊಟ್ಟೆ."

"ನೀವು ಕೊಟ್ರಾ? ನಿಮ್ಮಪ್ಪ ಬಾವಿ ತೋಡಿಸಿದ್ರಾ?" ಹೆಂಡತಿ ದಾರ ಹಲ್ಲಲ್ಲಿ ಕಡಿದಳು. "ನೀರು ಮುನಿಸಿಪಾಲಿಟಿದು. ನೀವು ಸಂಬಳದ ಆಳು."

"ತಿರುಗಿಸೋನು ನಾನಲ್ವಾ?"

"ಹಂಗಾದ್ರೆ ಕರೆಂಟ್ ಆಫೀಸ್‌ನೋನು ಬೆಂಕಿ ಕೊಟ್ಟ ಹಾಗಾಯ್ತು, ಟೆಲಿಫೋನ್‌ನೋನು ಮಾತು ಕೊಟ್ಟ ಹಾಗಾಯ್ತು. ಅವರೆಲ್ಲ ನಿದ್ದೆ ಮಾಡ್ತಿದ್ದಾರೆ, ನೀವೊಬ್ರು ಎದ್ದು ಕೂತಿದ್ದೀರ. ಸುಮ್ನಿರಿ. ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡಿ."

ಸುಮ್ಮನಿರುವುದು ಸುಲಭವಲ್ಲ. ಕೆಲವರಿಗೆ ತಪ್ಪು ಮಾಡಿದರೆ ನಿದ್ದೆ ಬರುವುದಿಲ್ಲ. ಇವನಿಗೆ ತಪ್ಪೋ ಅಲ್ಲವೋ ಎಂದು ಯಾರಾದರೂ ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಪ್ರಾರ್ಥನಾ ಮನೆಗೆ ಹೋದ.

ಗುರುಗಳು ಕೆಟ್ಟ ಮನುಷ್ಯರಲ್ಲ. ಸಕ್ಕರೆ ಕಾಯಿಲೆ, ಮಂಡಿ ನೋವು, ಕಿಟಕಿಯ ಮೇಲೆ ಮಾತ್ರೆಯ ಪಟ್ಟಿಗಳು. ಬಂದವರಿಗೆ ಕುರ್ಚಿ ಕೊಡುವವರು. ಅವರಿಗೆ ಇದ್ದ ರೋಗ ಇನ್ನೊಂದು: 'ಗೊತ್ತಿಲ್ಲ' ಎನ್ನಲು ಬರುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಜನ ಕೇಳುತ್ತಾ ಬಂದಿದ್ದರು, ಇವರು ಹೇಳುತ್ತಾ ಬಂದಿದ್ದರು. ಎಮ್ಮೆ ಮಾರಲೋ ಬೇಡವೋ, ಹುಡುಗಿಯನ್ನು ಕಾಲೇಜಿಗೆ ಕಳಿಸಲೋ ಬೇಡವೋ, ಹರ್ನಿಯಾ ಆಪರೇಷನ್ ಈಗಲೋ ಆಮೇಲೋ. ಕೇಳುವವರು ಇರುವವರೆಗೆ ಉತ್ತರಕ್ಕೆ ಬರವಿಲ್ಲ. ಅವತ್ತು ಕೋಣೆಯಲ್ಲಿ ಸಿಮೆಂಟ್ ಅಂಗಡಿಯವನೂ ಇನ್ನಿಬ್ಬರು ಹಿರಿಯರೂ ಕೂತಿದ್ದರು.

"ಗುರುಗಳೇ, ಒಂದು ಸಣ್ಣ ಅನುಮಾನ."

"ನಿನಗೆ ದೊಡ್ಡ ಅನುಮಾನ ಯಾವತ್ತು ಬಂದಿದೆಯಪ್ಪಾ? ಕೇಳು."

"ಆ ಮನೆಗೆ ನೀರು ಕೊಡಬಾರ್ದು ಅಂದ್ರಲ್ಲ. ಕೆಳಬೀದಿ ವಾಲ್ವ್ ತಿರುಗಿಸೋನು ನಾನು. ನಾನು ತಿರುಗಿಸಿದ್ರೆ ಅವರ ನಲ್ಲೀಲಿ ನೀರು ಬರುತ್ತೆ. ಅದು ನಾನು ಕೊಟ್ಟ ಹಾಗಾ?"

ಗುರುಗಳು ಆ ಹೊತ್ತಿನಲ್ಲಿ ಹೇಳಬೇಕಾಗಿದ್ದದ್ದು ಒಂದೇ ಮಾತು: 'ಅದನ್ನ ನನ್ನ ಕೇಳಬೇಡಪ್ಪ, ಅದು ನಿನ್ನ ಆಫೀಸಿನ ಕೆಲಸ.' ಅವರ ಬಾಯಿಗೆ ಅದು ಬಂದಿತ್ತೋ ಏನೋ. ಆದರೆ ಸಿಮೆಂಟ್ ಅಂಗಡಿಯವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ನೋಡಿ ಗುರುಗಳೇ, ಇದಪ್ಪಾ ಭಕ್ತಿ ಅಂದ್ರೆ! ನಮಗ್ಯಾರಿಗೂ ಹೊಳೀಲಿಲ್ಲ" ಎಂದ. ಹಿರಿಯರಿಬ್ಬರೂ ತಲೆಯಾಡಿಸಿದರು. ಗುರುಗಳು ಕನ್ನಡಕ ತೆಗೆದು ಒರೆಸಿದರು.

"ತಿರುಗಿಸೋ ಕೈ ಯಾರದಪ್ಪಾ?"

"ನನ್ನದು."

"ಕೈ ನಿನ್ನದಾದ್ರೆ ಕೊಡೋನೂ ನೀನೇ ಆದೆಯಲ್ಲ."

"ಆದ್ರೆ ನೌಕರಿ..."

"ನೌಕರಿ ಹೊಟ್ಟೆಗೆ, ಧರ್ಮ ಆತ್ಮಕ್ಕೆ. ನಿನಗೆ ಬಿಟ್ಟಿದ್ದು" ಎಂದರು. ನಿನಗೆ ಬಿಟ್ಟಿದ್ದು ಎನ್ನುವ ಮಾತಿನಷ್ಟು ಬಿಗಿಯಾದ ಹಗ್ಗ ಇನ್ನೊಂದಿಲ್ಲ.

ಮಾರನೆಯ ಬೆಳಿಗ್ಗೆ ಕೆಳಬೀದಿಗೆ ನೀರು ಬರಲಿಲ್ಲ. ಒಂದು ಮನೆಗೆ ಮಾತ್ರ ನಿಲ್ಲಿಸುವ ವಾಲ್ವ್ ಇಲ್ಲ, ಇರುವುದು ಇಡೀ ಬೀದಿಗೆ ಒಂದು. ಅದರ ಮಾರನೆಯ ದಿನವೂ ಬರಲಿಲ್ಲ. ಧರ್ಮಕ್ಕೆ ಕೈ ಎತ್ತಿದವರೆಲ್ಲ ಈಗ ಕೊಡ ಎತ್ತಿಕೊಂಡು ನೀರುಗಂಟಿಯ ಮನೆ ಬಾಗಿಲಿಗೆ ಬಂದರು. ಎಲ್ಲರ ಮುಂದೆ ಪೆನ್ಷನ್ ಮೇಷ್ಟ್ರು, ಸ್ನಾನವಿಲ್ಲದೆ ಕೂದಲು ಎದ್ದು ನಿಂತಿತ್ತು.

"ಏನಯ್ಯಾ ಇದು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಅವಳು ಮಾಡಿದ್ದಕ್ಕೆ ನಾವ್ಯಾಕೆ ಒಣಗಬೇಕು?"

"ಗುರುಗಳು ಹೇಳಿದ್ದು ಮೇಷ್ಟ್ರೇ."

"ಗುರುಗಳು ಅವಳ ಮನೆಗೆ ಅಂದ್ರು, ನನ್ನ ಮನೆಗೆ ಅಂದ್ರಾ? ಗುರುಗಳ ಮನೆ ಮೇಲ್ಬೀದೀಲಿದೆ, ಅವರ ನಲ್ಲೀಲಿ ಧಾರಾಳ ಬರ್ತಿದೆ."

"ಹಂಗಂದ್ರೆ ಬಿಡ್ಲಾ?"

ಮೇಷ್ಟ್ರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ಪೂರ್ತಿ ಬಿಡು ಅಂತ ನಾನು ಅನ್ನಲ್ಲಪ್ಪಾ, ನಾನೂ ಕೈ ಎತ್ತಿದೋನೇ. ಅವಳ ಪೈಪಿಗೆ ಮಾತ್ರ ಏನಾದ್ರೂ ಮಾಡೋಕೆ ಆಗಲ್ವಾ?"

ಯಾರೂ 'ಇದು ತಪ್ಪು' ಎನ್ನಲಿಲ್ಲ. ತಪ್ಪು ಎಂದು ಅನ್ನಿಸಿದವರು ಇರಲಿಲ್ಲ ಎಂದಲ್ಲ. ತಮ್ಮ ನಲ್ಲಿಯವರೆಗೆ ಬರದ ಧರ್ಮ ಎಷ್ಟು ಕಠಿಣವಾಗಿದ್ದರೂ ತಡೆದುಕೊಳ್ಳಬಹುದು ಎಂದು ಆ ಬೀದಿ ಕಂಡುಕೊಂಡಿತ್ತು.

ಲಾಂಡ್ರಿ ಅಕ್ಕ ಬಟ್ಟೆಯ ಗಂಟು ಹೊತ್ತು ಲಾಡ್ಜಿಗೆ ಹೋಗಿದ್ದಾಗ ನೀರುಗಂಟಿ ಅವಳ ಮನೆಯ ಮುಂದೆ ಕೂತು ಮೀಟರಿನ ಪಕ್ಕದ ಜೋಡಣೆ ಬಿಚ್ಚಿದ. ಎಣ್ಣೆ ಡಬ್ಬದ ತಗಡಿನಲ್ಲಿ ದುಂಡಗೆ ಕತ್ತರಿಸಿದ್ದ ಬಿಲ್ಲೆಯೊಂದನ್ನು ಒಳಗಿಟ್ಟು, ವಾಷರ್ ಕೂರಿಸಿ ಬಿಗಿದ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗುರುಗಳನ್ನು ಕೇಳಿದ್ದ, ಬೀದಿಯವರನ್ನು ಕೇಳಿದ್ದ. ಅವಳನ್ನು ಮಾತ್ರ ಕೇಳಿರಲಿಲ್ಲ.

ಬೀದಿಗೆ ನೀರು ಬಂತು. ಕೊನೆಯ ಮನೆಯ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಕುಡಿಯುವ ನೀರನ್ನು ಮೆಕ್ಯಾನಿಕ್ ಡಿಪೋದಿಂದ ಕ್ಯಾನಿನಲ್ಲಿ ತರುತ್ತಿದ್ದ. ಹಾಸಿಗೆ ಬಟ್ಟೆ ತೊಳೆಯುವುದಕ್ಕೆ ಕ್ಯಾನು ಸಾಲುತ್ತದೆಯೇ? ಗಂಟುಗಳು ಹಿತ್ತಲಲ್ಲಿ ಬಿದ್ದು ಮುಗ್ಗಲು ವಾಸನೆ ಹಿಡಿದವು. ಒಂದು ಲಾಡ್ಜಿನವರು ಬಟ್ಟೆಯನ್ನು ಹಾಗೇ ವಾಪಸು ತರಿಸಿಕೊಂಡು ಬೇರೆಯವರಿಗೆ ಕೊಟ್ಟರು. ನರ್ಸಿಂಗ್ ಹೋಮಿನ ಆಯಾ ಬಂದು, "ಅಕ್ಕಾ, ಡಾಕ್ಟ್ರಮ್ಮ ಇನ್ನೊಂದು ವಾರ ನೋಡ್ತಾರಂತೆ" ಎಂದು ಹೇಳಿ ಹೋದಳು. ಮನೆಮನೆಗೆ ಹೋಗಿ ಒಂದು ಬಕೆಟ್ ಕೇಳೋಣ ಎಂದರೆ ಎಲ್ಲರೂ ಅಂಗಡಿಯ ಬೋರ್ಡು ಓದುತ್ತಿದ್ದರು.

ಅವಳು ಪಂಪ್‌ಹೌಸಿಗೆ ಬಂದಳು. ನೀರುಗಂಟಿ ಒಬ್ಬನೇ ಸ್ಟೂಲಿನ ಮೇಲೆ ಕೂತು ಪಂಪಿನ ಬೆಲ್ಟು ಜಾರದಿರಲೆಂದು ಪುಡಿ ಹಾಕುತ್ತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ. ಆಮೇಲೆ ಮಾತು ಕೊಡಬಾರದು ಎಂಬುದು ನೆನಪಾಗಿ ಗೋಡೆಯ ಕಡೆ ತಿರುಗಿದ.

"ಅಣ್ಣಾ, ಬೀದಿಗೆಲ್ಲ ನೀರು ಬಂದು ವಾರ ಆಯ್ತು. ನಮ್ಮನೆಗೆ ಬಂದಿಲ್ಲ."

"ಕೆಲವು ಮನೆಗೆ ಬರಲ್ಲ" ಎಂದ ನೀರುಗಂಟಿ, ಮೋಟರಿಗೆ.

ಅವಳು ಒಂದು ಹೆಜ್ಜೆ ಒಳಗೆ ಬಂದಳು. "ಯಾರ ಜೊತೆ ಮಾತಾಡ್ತಿದ್ದೀಯ? ಮೋಟರ್ ಜೊತೆನಾ? ಓ, ನನ್ನ ಜೊತೆ ಆಡಬಾರ್ದು ಅಲ್ವಾ. ಸರಿ, ನಾನೂ ಮೋಟರ್‌ಗೇ ಹೇಳ್ತೀನಿ. ಮೋಟರಣ್ಣಾ, ಕೇಳಿಸ್ಕೊ."

ಮೋಟರು ಗುಂಯ್ ಎನ್ನುತ್ತಿತ್ತು.

"ಸಭೆಯವರು ನನ್ನ ಹೊರಗೆ ಹಾಕಿದ್ರು. ಹಾಕ್ಲಿ ಬಿಡು. ಮನೆ ಅವರದು, ಬಾಗಿಲು ಅವರದು, ಯಾರನ್ನ ಕರೀಬೇಕು ಬಿಡಬೇಕು ಅವರಿಷ್ಟ. ನಾನು ಎರಡು ದಿನ ಅತ್ತೆ, ಮೂರನೇ ದಿನ ಬಟ್ಟೆ ಒಗೆಯೋಕೆ ಕೂತೆ. ನಾನೇನಾದ್ರೂ ಅವರ ಮೇಲೆ ಕೇಸ್ ಹಾಕಿದ್ನಾ? ಇಲ್ಲ. ಆದ್ರೆ ಈ ನೀರು ಯಾರದು ಮೋಟರಣ್ಣಾ? ಗುರುಗಳು ಕೆರೆಯಿಂದ ಹೊತ್ಕೊಂಡು ಬಂದ್ರಾ? ನಲ್ಲಿ ಹಾಕಿಸ್ಕೊಳ್ಳೋವಾಗ ನೀನು ಯಾವ ಸಭೆ ಅಂತ ಮುನಿಸಿಪಾಲಿಟಿ ನನ್ನ ಕೇಳಲಿಲ್ಲ. ಈಗ ದೂರು ಹೇಳೋಣ ಅಂದ್ರೆ ಯಾರ ಹತ್ರ ಹೋಗ್ಲಿ? ನಮ್ಮ ಬೀದಿಗೆ ಮುನಿಸಿಪಾಲಿಟಿ ಅಂದ್ರೆ ಇವರೇ. ಇವರು ನೋಡಿದ್ರೆ ಗೋಡೆ ನೋಡ್ತಾರೆ."

ನೀರುಗಂಟಿಯ ಕಿವಿ ಕೆಂಪಾಯಿತು. "ನಾನು ಆಫೀಸ್‌ನಲ್ಲಿ ಕೇಳ್ತೀನಿ" ಎಂದು ಬಾಯಿ ತಪ್ಪಿ ಅವಳಿಗೇ ಹೇಳಿಬಿಟ್ಟ.

"ಕೇಳು ಮಾರಾಯ" ಎಂದಳು ಅವಳು. "ನೀನು ಕೇಳದೆ ಇರೋದು ಏನಿದೆ?"

ಇಂಜಿನಿಯರ್ ಸಾಹೇಬರ ಕೋಣೆಯ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೊಂದು ಬಕೆಟ್ ಇತ್ತು. ಊರಿಗೆ ನೀರು ಕೊಡುವ ಇಲಾಖೆಯ ಲಕ್ಷಣ. ನೀರುಗಂಟಿ ಎಲ್ಲವನ್ನೂ ಹೇಳಿದ. ಬಿಲ್ಲೆ ಹಾಕಿದ್ದನ್ನೂ ಹೇಳಿದ. ಸಾಹೇಬರು ಎದ್ದು ಬಾಗಿಲು ಮುಂದಕ್ಕೆ ಎಳೆದು ಬಂದರು.

"ಇದು ನಿಮ್ಮ ಜನದ ಒಳಗಿನ ವಿಷಯ. ಇಲಾಖೆನ ಯಾಕೆ ಎಳೀತೀಯ?"

"ಪೈಪು ಇಲಾಖೇದು ಸಾರ್."

"ಚುನಾವಣೆ ಹತ್ರ ಬಂತು. ನಿಮ್ಮ ಗುರುಗಳ ಒಂದು ಮಾತಿಗೆ ಎಷ್ಟು ಓಟು ಅಂತ ಅಧ್ಯಕ್ಷರಿಗೆ ಗೊತ್ತು. ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ."

"ಈಗ ಬಿಚ್ಚಲಾ, ಬೇಡ್ವಾ ಸಾರ್?"

"ನಾನು ಬೇಡ ಅಂದ್ನಾ?"

"ಇಲ್ಲ ಸಾರ್."

"ಬಿಚ್ಚು ಅಂದ್ನಾ?"

"ಇಲ್ಲ ಸಾರ್."

"ಅಷ್ಟೇ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಹಾಗೆ ನೋಡ್ಕೊ." ಬಕೆಟ್ಟಿಗೆ ಟಪ್ ಎಂದು ಒಂದು ಹನಿ ಬಿತ್ತು.

ಹೀಗೆ ನೀರುಗಂಟಿ ಒಂದು ಸಂಗತಿ ಕಂಡ. ಹೇಳುವ ಅಧಿಕಾರ ಇಲ್ಲದವರು ಹೇಳಿದ್ದರು. ಹೇಳಬೇಕಾದವರು ಬಾಯಿ ಹೊಲಿದುಕೊಂಡಿದ್ದರು. ನಡುವೆ ಒಬ್ಬ ಹೆಂಗಸು ಮುಗ್ಗಲು ಹಿಡಿದ ಬಟ್ಟೆಯ ಮುಂದೆ ಕೂತಿದ್ದಳು. ಇಷ್ಟು ಕಂಡ ಮೇಲೂ ಅವನ ಕಾಲು ಹೋದದ್ದು ಪ್ರಾರ್ಥನಾ ಮನೆಗೇ. ಹಳೆಯ ಅಭ್ಯಾಸ.

ಗುರುಗಳು ಒಬ್ಬರೇ ಇದ್ದರು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಗುರುಗಳೇ, ಅವತ್ತು ಕೇಳಿದ್ನಲ್ಲ, ಆ ಪ್ರಶ್ನೆ ವಾಪಸ್ ತಗೋತೀನಿ."

"ಪ್ರಶ್ನೆ ಏನು ಅಂಗಡಿ ಸಾಮಾನೇನಪ್ಪಾ, ಬೇಡ ಅಂದ್ರೆ ವಾಪಸ್ ಮಾಡೋಕೆ?"

"ಅವಳ ಕೆಲಸ ಹೋಗ್ತಿದೆ. ಬಟ್ಟೆ ಕೊಳೀತಿದೆ."

ಗುರುಗಳು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, ಸಭೆಯಲ್ಲಿ ಯಾವತ್ತೂ ಆಡದ ದನಿಯಲ್ಲಿ, ಕಾಯಿಲೆಯ ಮುದುಕನ ದನಿಯಲ್ಲಿ ಹೇಳಿದರು: "ನೀನ್ಯಾಕಪ್ಪಾ ಕೇಳ್ದೆ? ಆ ಮಾತು ಹಿಂದಿನವರು ಬರೆದಿಟ್ಟಿದ್ದು, ಓದಬೇಕು ಅಂತ ಓದ್ದೆ. ನಲ್ಲಿ ನನಗೆ ನೆನಪೂ ಇರಲಿಲ್ಲ. ನೀನು ಕೇಳದೆ ಇದ್ದಿದ್ರೆ ನಾನು ಹೇಳ್ತಾನೇ ಇರಲಿಲ್ಲ. ನಾಲ್ಕು ಜನರ ಮುಂದೆ ಕೇಳಿದ್ಮೇಲೆ ನನಗೆ ಸಂಬಂಧ ಇಲ್ಲ ಅನ್ನೋಕೆ ಆಗುತ್ತಾ?"

"ಈಗ ಹೇಳಿ ಗುರುಗಳೇ. ಯಾರೂ ಇಲ್ಲ."

"ಈಗ ಬಿಡು ಅಂದ್ರೆ ಅವತ್ತು ಹೇಳಿದ್ದು ತಪ್ಪು ಅಂತಾಗುತ್ತೆ. ಅವಳೇ ಬಂದು ಸಭೆ ಮುಂದೆ ತಪ್ಪಾಯ್ತು ಅನ್ಲಿ."

"ಯಾವ ತಪ್ಪು ಗುರುಗಳೇ?"

ಗುರುಗಳು ಎಣ್ಣೆಯ ಶೀಶೆಗೆ ಮುಚ್ಚಳ ಹಾಕಿದರು. "ಹೋಗ್ಬಾಪ್ಪಾ" ಎಂದರು.

ಮನೆಗೆ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ. "ಏನ್ಮಾಡ್ಲಿ?"

ಹೆಂಡತಿ ಅಂಗಿಯನ್ನು ಮಡಿಲಲ್ಲಿಟ್ಟಳು. ಅವಳಿಗೆ ಉತ್ತರ ಗೊತ್ತಿತ್ತು, ಮೊದಲ ದಿನವೇ ಹೇಳಿದ್ದಳು. ಈಗ ಇನ್ನೊಮ್ಮೆ ಹೇಳಿದ್ದರೆ ಅವನು ಮಾಡಿಯೂ ಬಿಡುತ್ತಿದ್ದ. ಆಮೇಲೆ ಯಾರಾದರೂ ಕೇಳಿದರೆ 'ನನ್ನ ಹೆಂಡತಿ ಹೇಳಿದಳು' ಎನ್ನುತ್ತಿದ್ದ.

"ಸ್ವೆಟರ್ ಹಾಕ್ಕೊಳ್ಳಲಾ ಅಂತ ಕೇಳಿ, ಹೇಳ್ತೀನಿ. ಇದನ್ನ ನನ್ನ ಕೇಳ್ಬೇಡಿ."

"ಮತ್ಯಾರನ್ನ ಕೇಳ್ಲಿ?"

"ನಿಮಗೆ ಆ ತಗಡು ಕತ್ತರಿಸೋಕೆ ಬಂತಲ್ಲ" ಎಂದಳು ಅವಳು, ತಲೆ ಎತ್ತದೆ. "ಅಷ್ಟು ಬುದ್ಧಿ ಇರೋರಿಗೆ ಇದೂ ಬರುತ್ತೆ."

ಊರಲ್ಲಿ ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಅದು ಸ್ವಾತಂತ್ರ್ಯದ ಹಾಗೆ ಅವನಿಗೆ ಅನ್ನಿಸಲಿಲ್ಲ. ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟು ಇಲ್ಲವೆಂದು ಗೊತ್ತಾದ ಹಾಗೆ ಆಯಿತು. ಸ್ಪ್ಯಾನರ್ ಚೀಲ ತೆಗೆದುಕೊಂಡು ಹೊರಟ.

ಹಾಡುಹಗಲು, ಕೆಳಬೀದಿಗೆ ನೀರು ಬಿಟ್ಟಿದ್ದ ಹೊತ್ತು. ಕೆಳಬೀದಿಯವರೆಲ್ಲ ಬಾಗಿಲಲ್ಲಿದ್ದರು. ಅವನು ಕೊನೆಯ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಜೋಡಣೆ ಬಿಚ್ಚುತ್ತಿದ್ದಾಗ ಸಿಮೆಂಟ್ ಅಂಗಡಿಯವನ ಸ್ಕೂಟರ್ ಬಂದು ನಿಂತಿತು.

"ಏಯ್, ಏನ್ ಮಾಡ್ತಿದ್ದೀಯ?"

"ನೀರು ಬಿಡ್ತಿದ್ದೀನಿ."

"ಯಾರು ಹೇಳಿದ್ರು? ಗುರುಗಳು ಹೇಳಿದ್ರಾ?"

"ಇಲ್ಲ."

"ಆಫೀಸ್‌ನೋರು ಹೇಳಿದ್ರಾ?"

"ಇಲ್ಲ."

"ಮತ್ತೆ ಯಾರನ್ನ ಕೇಳಿ ಮಾಡ್ತಿದ್ದೀಯ?"

"ಯಾರನ್ನೂ ಕೇಳಿಲ್ಲ" ಎಂದ ನೀರುಗಂಟಿ. ಸ್ಪ್ಯಾನರ್ ಒಮ್ಮೆ ಕೈ ಜಾರಿತು, ಎತ್ತಿಕೊಂಡು ಮತ್ತೆ ತಿರುವಿದ. ಪೆನ್ಷನ್ ಮೇಷ್ಟ್ರು ಜಗಲಿಯಿಂದ ಎದ್ದು ಒಳಗೆ ಹೋದರು. ಒಳಗಿನಿಂದ ಕಿಟಕಿಯಲ್ಲಿ ನೋಡಿದರು.

ಸ್ಕೂಟರಿನ ಸದ್ದಿಗೋ ಏನೋ ಲಾಂಡ್ರಿ ಅಕ್ಕ ಹೊರಗೆ ಬಂದಳು. ತನ್ನ ಮನೆ ಇರುವ ಕೊನೆಯಲ್ಲಿ ಮೇನ್ ಪೈಪಿಗೇ ಏನೋ ಮಾಡಿದ್ದಾರೆ ಎಂದು ಅವಳು ಅಲ್ಲಿಯವರೆಗೆ ತಿಳಿದಿದ್ದಳು. ಈಗ ಅವನ ಅಂಗೈಯಲ್ಲಿ ತುಕ್ಕು ಹಿಡಿದ ದುಂಡನೆಯ ತಗಡು ಕಂಡಿತು.

"ಏನದು?"

ಅವನು ಅವಳ ಕಡೆಗೇ ತಿರುಗಿ ಹೇಳಿದ. "ಇದನ್ನ ನಾನೇ ಹಾಕಿದ್ದೆ ಅಕ್ಕಾ. ನೀನು ಲಾಡ್ಜಿಗೆ ಹೋಗಿದ್ದಾಗ."

ಬಿಲ್ಲೆಯನ್ನು ಅಂಗೈಯಲ್ಲೇ ಹಿಡಿದು ಜೋಡಣೆ ಬಿಗಿದ. ಒಳಗೆ ನಲ್ಲಿ ಕೆಮ್ಮಿತು, ಕೆಂಪು ನೀರು ಕಕ್ಕಿತು, ಆಮೇಲೆ ತಿಳಿನೀರು ಬೀಳುವ ಸದ್ದು ಬಂತು. ಅವಳು ಓಡಿಹೋಗಿ ತೊಟ್ಟಿ ತುಂಬಿಸಿಕೊಳ್ಳಲಿಲ್ಲ. ಅವನ ಅಂಗೈಯಿಂದ ಬಿಲ್ಲೆಯನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಥ್ಯಾಂಕ್ಸೂ ಇಲ್ಲ, ಬೈಗುಳವೂ ಇಲ್ಲ.

ಮುಂದಿನ ಪ್ರಾರ್ಥನೆಯ ದಿನ ಅವನು ಹೋದಾಗ ತಂಬಿಗೆ ಬೇರೆಯವನ ಕೈಯಲ್ಲಿತ್ತು. ಸಿಮೆಂಟ್ ಅಂಗಡಿಯವನು ಹಿಂದಿನ ಕಂಬದ ಕಡೆ ಬೆರಳು ತೋರಿಸಿದ. ನೀರುಗಂಟಿ ಹೋಗಿ ಕಂಬದ ಪಕ್ಕ ಕೂತ. ಅಲ್ಲಿಂದ ಪ್ರಾರ್ಥನೆ ಅರ್ಧ ಕೇಳಿಸುತ್ತಿತ್ತು, ಫ್ಯಾನಿನ ಸದ್ದು ಪೂರ್ತಿ ಕೇಳಿಸುತ್ತಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ. ದೇವರ ಮೇಲೆ ಅವನಿಗೆ ಯಾವ ಅನುಮಾನವೂ ಬಂದಿರಲಿಲ್ಲ.

ಅದೇ ವಾರ ಆಫೀಸಿನಿಂದಲೂ ಕರೆ ಬಂತು. ಲಾಂಡ್ರಿ ಅಕ್ಕ ಇಂಜಿನಿಯರನ್ನು ಬಿಟ್ಟು ಮುಖ್ಯಾಧಿಕಾರಿಯ ಹತ್ತಿರವೇ ದೂರು ಕೊಟ್ಟಿದ್ದಳು. ಹೆಂಡತಿ ಹಣೆ ಚಚ್ಚಿಕೊಂಡಳು. "ನೀರು ಬಿಟ್ಟಿದ್ದಕ್ಕೆ ಅವರು ಹಿಂದಕ್ಕೆ ಹಾಕಿದ್ರು, ನೀರು ನಿಲ್ಲಿಸಿದ್ದಕ್ಕೆ ಇವರು ಕರೀತಿದ್ದಾರೆ. ಬಿಚ್ಚಿಕೊಟ್ಟೋರ ಮೇಲೇ ದೂರಾ? ಅವಳಿಗಾದ್ರೂ ಬುದ್ಧಿ ಬೇಡ್ವಾ?"

"ಅವರು ಹಿಂದೆ ಕೂರಿಸಿದ್ದು ಅವರ ಮನೇಲಿ, ಕೂರಿಸಬಹುದು" ಎಂದ ನೀರುಗಂಟಿ. "ಇವರು ಕರೆದಿರೋದು ಇವರ ಪೈಪಿಗೆ, ಕರೀಬಹುದು. ಇದರಲ್ಲಿ ಯಾರದೂ ತಪ್ಪಿಲ್ಲ ಕಣೇ." ಹೆಂಡತಿ ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವನನ್ನು ನೋಡಿದಳು. ಅವನು ಯಾರನ್ನೂ ಕೇಳದೆ ಸ್ವಂತ ಅಭಿಪ್ರಾಯ ಹೇಳಿದ್ದನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ.

ಮುಖ್ಯಾಧಿಕಾರಿ ಹೊಸದಾಗಿ ಬಂದ ಹೆಂಗಸು. ಮೇಜಿನ ಒಂದು ಬದಿಗೆ 'ತಲೆನೋವು ಬೇಡಪ್ಪಾ' ಎಂಬ ಮುಖದ ಇಂಜಿನಿಯರ್, ಇನ್ನೊಂದು ಬದಿಗೆ ಲಾಂಡ್ರಿ ಅಕ್ಕ, ಬಾಗಿಲ ಹತ್ತಿರ ನೀರುಗಂಟಿ. ಮೇಜಿನ ಮೇಲೆ ತಗಡಿನ ಬಿಲ್ಲೆ.

ಇಂಜಿನಿಯರೇ ಶುರು ಮಾಡಿದರು. "ಮೇಡಂ, ನೀರು ವಾಪಸ್ ಬಂದಿದೆ. ಒಂದೇ ಜನ, ಒಂದೇ ಬೀದಿ. ಅಮ್ಮಾ, ಹೋಗ್ಲಿ ಕ್ಷಮಿಸಿಬಿಡಿ. ಪಾಪ, ಅವರೇ ಬಂದು ಬಿಚ್ಚಿದ್ದಾರೆ."

"ಕ್ಷಮಿಸೋದು ಬಿಡೋದು ಪ್ರಾರ್ಥನಾ ಮನೇಲಿ ಸಾರ್. ಅಲ್ಲಿಗೆ ನನ್ನ ಬಿಡಲ್ಲ" ಎಂದಳು ಲಾಂಡ್ರಿ ಅಕ್ಕ. "ಇಲ್ಲಿಗೆ ನಾನು ಕ್ಷಮಿಸೋಕೆ ಬಂದಿಲ್ಲ. ನೀರು ನಿಲ್ಲಿಸಿದ್ದು ಹೌದೋ ಅಲ್ವೋ, ಯಾರು ನಿಲ್ಲಿಸಿದ್ರು, ಬರ್ಕೊಳ್ಳಿ. ನಾಳೆ ಇನ್ಯಾರ ಮನೆ ಪೈಪಿಗೋ ತಗಡು ಹಾಕೋಕೆ ಮುಂಚೆ ಯೋಚನೆ ಮಾಡ್ಲಿ."

ಮುಖ್ಯಾಧಿಕಾರಿ ನೀರುಗಂಟಿಯ ಕಡೆ ತಿರುಗಿದರು. "ಏನ್ರೀ? ಗುರುಗಳು ಹೇಳಿದ್ರಿಂದ ಮಾಡಿದೆ ಅಂತ ಬರೀಲಾ?"

ಹಾಗೆ ಬರೆಸಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸುಳ್ಳೂ ಅಲ್ಲ.

"ಅವರು ಹೇಳಿದ್ದು ನಿಜ ಮೇಡಂ. ಆದ್ರೆ ಹೋಗಿ ಕೇಳಿದ್ದು ನಾನು. ಅವರಿಗೆ ಸಂಬಂಧ ಇಲ್ಲದ್ದನ್ನ ಅವರನ್ನ ಕೇಳ್ದೆ. ತಗಡು ಕತ್ತರಿಸಿದ್ದೂ ನಾನೇ, ಹಾಕಿದ್ದೂ ನಾನೇ. ನನ್ನ ಹೆಸರೇ ಬರ್ಕೊಳ್ಳಿ." ಇಂಜಿನಿಯರ್ ಕಡೆ ಕೈ ತೋರಿಸಿದ. "ಆಮೇಲೆ ಬಿಚ್ಚಲಾ ಅಂತ ಸಾಹೇಬ್ರನ್ನ ಕೇಳ್ದೆ. ಹೂಂ ಅಂತಾನೂ ಅನ್ನಲಿಲ್ಲ, ಉಹೂಂ ಅಂತಾನೂ ಅನ್ನಲಿಲ್ಲ. ಅದನ್ನೂ ಬರ್ಕೊಳ್ಳಿ."

ಇಂಜಿನಿಯರ್ ಸಾಹೇಬರು ಕಿಟಕಿಯ ಹೊರಗೆ ಯಾವುದೋ ಅಂಗಡಿಯ ಬೋರ್ಡು ಓದತೊಡಗಿದರು. ಮುಖ್ಯಾಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಎರಡನ್ನೂ ಬರೆದುಕೊಂಡರು. ನೀರುಗಂಟಿಗೆ ಲಿಖಿತ ಎಚ್ಚರಿಕೆ, ಬೀದಿಯ ಕೆಲಸದಿಂದ ಪೂರ್ತಿಯಾಗಿ ಪಂಪ್‌ಹೌಸಿಗೆ ವರ್ಗ. ಕೀಲಿಯನ್ನು ಬೇರೆಯವನಿಗೆ ಒಪ್ಪಿಸಬೇಕು. ಇಂಜಿನಿಯರಿಗೆ ಏನು ಎಂದು ಅವತ್ತು ಯಾರೂ ಹೇಳಲಿಲ್ಲ. ಅಂಥವು ನಿಧಾನವಾಗಿ ತೀರ್ಮಾನವಾಗುತ್ತವೆ, ಅಥವಾ ಆಗುವುದೇ ಇಲ್ಲ.

ಲಾಂಡ್ರಿ ಅಕ್ಕ ಸಹಿ ಹಾಕಿ ಎದ್ದಳು. ಒಂದು ಲಾಡ್ಜಿನ ಕೆಲಸ ಹೋದದ್ದು ಹೋದದ್ದೇ. ನರ್ಸಿಂಗ್ ಹೋಮಿನ ಪರದೆಗಳು ಹಿತ್ತಲಲ್ಲಿ ನೆನೆದಿದ್ದವು. ಬಾಗಿಲಲ್ಲಿ ನಿಂತಿದ್ದ ನೀರುಗಂಟಿ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವಳು ಅವನ ಮುಖ ನೋಡದೆ ದಾಟಿಕೊಂಡು ಹೋದಳು. ನೋಡಲಿ ಎಂದು ಅವನೂ ಕಾದಿರಲಿಲ್ಲ.